ಮಕಾನ್‌ಗೆ ಹತ್ತೊಂಬತ್ತೋ, ಇಪ್ಪತ್ತೋ, ಇಪ್ಪತ್ತೊಂದೋ?

ಪೋರ್ಷೆ ಮಕಾನ್‌ನ ಪೆಟ್ರೋಲ್ ಗಾಡಿಗೆ 19, 20, 21 ಇಂಚಿನ ಅಲಾಯ್ ಚಕ್ರಗಳಲ್ಲಿ ಒಂದನ್ನು ಹುಡುಕುವಾಗ ಮೊದಲು ಹಾಕಬೇಕಾದ ಲೆಕ್ಕ ಒಂದೇ: ರಿಮ್ಮಿಗೂ ರಸ್ತೆಗೂ ನಡುವೆ ಎಷ್ಟು ರಬ್ಬರ್ ಉಳಿಯುತ್ತದೆ? ಕಂಪನಿಯ ಅಳತೆಯಲ್ಲಿ ಮುಂದೆ, ಹಿಂದೆ ಟೈರು ಬೇರೆ ಬೇರೆ. ಮೊದಲ ಅಂಕಿ ಮಿ.ಮೀ.ನಲ್ಲಿ ಟೈರಿನ ಅಗಲ, ಎರಡನೆಯದು ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಆ ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು. 19 ಇಂಚಿಗೆ 235/55 ಮತ್ತು 255/50, 20ಕ್ಕೆ 265/45 ಮತ್ತು 295/40, 21ಕ್ಕೆ 265/40 ಮತ್ತು 295/35. ಮುಂದಿನ ಟೈರಿನ ಸೈಡ್‌ವಾಲ್ 19ರಲ್ಲಿ 129 ಮಿ.ಮೀ., 20ರಲ್ಲಿ 119, 21ರಲ್ಲಿ 106.

ಬೆಂಗಳೂರಿನ ಗುಂಡಿಗಳ ಮೇಲೆ ಓಡಿಸಿದರೆ ಈ 23 ಮಿ.ಮೀ. ಏನೆಂದು ತಿಳಿಯುತ್ತದೆ. 19ರಲ್ಲಿ 'ಧಡ್' ಅಂತ ಮುಗಿಯುವ ಏಟು 21ರಲ್ಲಿ ನೇರ ರಿಮ್ಮಿನ ತುಟಿಗೆ ಬೀಳುತ್ತದೆ. ರಿಮ್ ಸೊಟ್ಟಗಾಗದಿದ್ದರೂ ಸೈಡ್‌ವಾಲ್ ಒಳಗಿನ ನೂಲು ಕಡಿದು ಟೈರು ಉಬ್ಬುತ್ತದೆ. ಉಬ್ಬಿದ ಟೈರಿಗೆ ಪ್ಯಾಚು ಗೀಚು ನಡೆಯುವುದಿಲ್ಲ, ಎಸೆಯಬೇಕು. ಮಳೆಯಲ್ಲೂ 19ರ 235 ಅಗಲದ ಟೈರೇ ಮೇಲು: ಕಡಿಮೆ ಅಗಲದ ಟೈರು ನಿಂತ ನೀರನ್ನು ಸೀಳಿಕೊಂಡು ಹೋಗುತ್ತದೆ, 265 ಬೇಗ ತೇಲುತ್ತದೆ. ಲಾರಿಗಳು ಕೊರೆದ ಗಾಲಿಜಾಡಿನಲ್ಲಿ ಸ್ಟೀರಿಂಗ್ ತಾನೇ ಎಳೆಯುವುದೂ 265ರಲ್ಲೇ ಹೆಚ್ಚು.

ಹಾಗಂತ 20ನ್ನು ತಳ್ಳಿಹಾಕುವಂತಿಲ್ಲ. ಚಾರ್ಮಾಡಿಯಂಥ ಘಾಟಿಯಲ್ಲಿ ತಿರುವಿಗೆ ಸ್ಟೀರಿಂಗ್ ಕೊಟ್ಟ ಕೂಡಲೇ ಮೂತಿ ತಿರುಗುತ್ತದೆ. 19ರಲ್ಲಿ ಸೈಡ್‌ವಾಲ್ ಮೊದಲು ಬಾಗಿ, ಆಮೇಲೆ ಗಾಡಿ ತಿರುಗುತ್ತದೆ. ವಾರಕ್ಕೊಮ್ಮೆ ಘಾಟಿ ಹತ್ತುವವರಿಗೆ 20, ದಿನಾ ಊರೊಳಗೆ ಸುತ್ತುವವರಿಗೆ 19. 21 ಚೆಂದಕ್ಕೆ, ಅಷ್ಟೆ.

ಟೈರಿನಲ್ಲಿ ಮಿಶೆಲಿನ್ ಲ್ಯಾಟಿಟ್ಯೂಡ್ ಸ್ಪೋರ್ಟ್ 3ಕ್ಕೆ ಸ್ಟೀರಿಂಗ್ ಚುರುಕು, ಒದ್ದೆ ರಸ್ತೆಯಲ್ಲಿ ಬ್ರೇಕಿನ ಮೇಲೆ ನಂಬಿಕೆ ಹೆಚ್ಚು. ಪಿರೆಲ್ಲಿ ಸ್ಕಾರ್ಪಿಯನ್ ವರ್ದೆ ಹಂಪು, ಜಲ್ಲಿಗಳ ಮೇಲೆ ಮೆತ್ತಗೆ. ಯಾವುದಾದರೂ ಸರಿ, ಪೋರ್ಷೆ ಒಪ್ಪಿದ ಟೈರಿಗೆ ಇರುವ 'ಎನ್0', 'ಎನ್1' ಗುರುತು ಸೈಡ್‌ವಾಲ್ ಮೇಲೆ ಇರಲಿ, ನಾಲ್ಕರಲ್ಲೂ ಒಂದೇ ಇರಲಿ.

ದುಡ್ಡು ಉಳಿಸಲು ಎರಡೇ ಟೈರು ಬದಲಿಸುವುದು ದೊಡ್ಡ ತಪ್ಪು. 20 ಇಂಚಿನಲ್ಲಿ ಮುಂದಿನ ಟೈರಿನ ವ್ಯಾಸ ಸುಮಾರು 746.5, ಹಿಂದಿನದು 744 ಮಿ.ಮೀ. ಈ ಗಾಡಿಯಲ್ಲಿ ಹಿಂದಿನ ಟೈರು ಬೇಗ ಸವೆಯುತ್ತದೆ. ಅವು 5 ಮಿ.ಮೀ. ಸವೆದಿರುವಾಗ ಮುಂದೆ ಮಾತ್ರ ಹೊಸದು ಹಾಕಿದರೆ ಹಿಂದಿನ ವ್ಯಾಸ 10 ಮಿ.ಮೀ. ಕುಗ್ಗಿರುವುದರಿಂದ 2.5 ಮಿ.ಮೀ. ಇದ್ದ ವ್ಯತ್ಯಾಸ 12 ದಾಟುತ್ತದೆ. ಮುಂದಿನ, ಹಿಂದಿನ ಚಕ್ರಗಳು ಬೇರೆ ವೇಗದಲ್ಲಿ ಸುತ್ತುವುದರಿಂದ ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಕ್ಲಚ್ ನೇರ ರಸ್ತೆಯಲ್ಲೂ ಜಾರುತ್ತಲೇ ಇರುತ್ತದೆ, ಆಯಿಲ್ ಕಾಯುತ್ತದೆ. ಅಗಲ ಬೇರೆ ಆದ್ದರಿಂದ ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತ ಸರಿತೂಗಿಸುವ ದಾರಿಯೂ ಇಲ್ಲ.

ಹಳೆಯ ಅಲಾಯ್ ಕೊಳ್ಳುವವರು ಎಡವುವುದು ಆಡಿ ಕ್ಯೂ5ರ ರಿಮ್ಮಿನಲ್ಲಿ. ಬೋಲ್ಟ್ ಅಳತೆ 5×112 (112 ಮಿ.ಮೀ. ವ್ಯಾಸದ ವೃತ್ತದಲ್ಲಿ ಐದು ಬೋಲ್ಟ್), ನಡುವಿನ ತೂತು 66.5 ಮಿ.ಮೀ., ಎರಡೂ ಒಂದೇ, ಹಾಗಾಗಿ ಸಲೀಸಾಗಿ ಕೂರುತ್ತದೆ. ಆದರೆ ಮಕಾನ್‌ನ 19 ಇಂಚಿನ ಮುಂದಿನ ರಿಮ್ 8 ಇಂಚು ಅಗಲ, ಇಟಿ (ರಿಮ್ಮಿನ ನಡುಗೆರೆಯಿಂದ ಬೋಲ್ಟ್ ಕೂರುವ ಮುಖಕ್ಕಿರುವ ದೂರ, ಮಿ.ಮೀ.ನಲ್ಲಿ) 21. ಕ್ಯೂ5ರ ಇಟಿ 30ರ ಮೇಲೆ, ಚಕ್ರ ಒಳಕ್ಕೆ ಸರಿದು ಸಸ್ಪೆನ್ಷನ್ನಿಗೆ ಹತ್ತಿರವಾಗುತ್ತದೆ. ಪೋರ್ಷೆ ಬೋಲ್ಟಿನ ತಲೆಯಡಿ ಆರ್14, ಅಂದರೆ 14 ಮಿ.ಮೀ. ತ್ರಿಜ್ಯದ ಗೋಳದ ಆಕಾರ, ಆಡಿಯದು ಆರ್13, ಹೊರಗಿನ ಕಂಪನಿಗಳ ಬಹುತೇಕ ರಿಮ್ಮುಗಳಿಗೆ ಶಂಕುವಿನ ಆಕಾರ. ಆಕಾರ ಹೊಂದದಿದ್ದರೆ ಬೋಲ್ಟ್ ಅಂಚಿನಲ್ಲಷ್ಟೇ ಹಿಡಿದು, ನಿಧಾನಕ್ಕೆ ಸಡಿಲವಾಗುತ್ತದೆ.

ಬೋಲ್ಟಿನ ಬಿಗಿತ 160 ನ್ಯೂಟನ್ ಮೀಟರ್. ಅಂಗಡಿಯ ಗಾಳಿ ಗನ್ನಿನಿಂದ ಕೊನೆಯ ಬಿಗಿ ಹಾಕಿಸಬೇಡಿ. ಎದುರುಬದುರು ಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಬಿಗಿಸಿ, 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ. ಅಳತೆ ಬದಲಾಗಿದ್ದರೆ ಮೀಟರ್ ಪರದೆಯ ಟೈರ್ ಮೆನುವಿನಲ್ಲಿ ಹೊಸ ಅಳತೆ ಆರಿಸಬೇಕು. ಇಲ್ಲದಿದ್ದರೆ ಗಾಳಿ ಸರಿಯಿದ್ದರೂ ಎಚ್ಚರಿಕೆ ದೀಪ ಹತ್ತಬಹುದು. ಬಿಲ್ ಕೊಡುವ ಮುನ್ನ ನಾಲ್ಕೂ ಟೈರಿನ ಮೇಲೆ ತಯಾರಾದ ವಾರ ಹೇಳುವ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2324 ಅಂದರೆ 2024ರ 23ನೇ ವಾರ. 295 ಅಗಲದ ಟೈರು ಹೆಚ್ಚು ಖರ್ಚಾಗುವ ಮಾಲಲ್ಲ, ಗೋದಾಮಿನಲ್ಲಿ ಹಳತಾಗಿ ಕೂತಿರುವುದು ಅದೇ.