ಹಾಯಿದೋಣಿಯಲ್ಲಿ ಕುಚ್ಚಲಕ್ಕಿ: ಗ್ಯಾಸ್, ಸೀಮೆಎಣ್ಣೆ, ಇಂಡಕ್ಷನ್

ಹಾಯಿದೋಣಿಯ ಅಡುಗೆ ಬಗ್ಗೆ ಸಿಗುವ ಸಲಹೆಗಳೆಲ್ಲ ಹತ್ತು ನಿಮಿಷದಲ್ಲಿ ಬೇಯುವ ಪಾಸ್ತಾ, ಹೆಚ್ಚೆಂದರೆ ಬೆಳ್ತಿಗೆ ಅನ್ನದ ಲೆಕ್ಕದವು. ಮುಕ್ಕಾಲು ಗಂಟೆ ಕುದಿಯುವ ಕುಚ್ಚಲಕ್ಕಿ ಬಿಟ್ಟಿರಲಾಗದ ಮಂಗಳೂರು, ಉಡುಪಿಯವರಿಗೆ ಆ ಲೆಕ್ಕ ಉಪಯೋಗಕ್ಕಿಲ್ಲ. ಕೊಚ್ಚಿ, ಶ್ರೀಲಂಕಾದ ಗಾಲೆ ದಾಟಿ ಮಲೇಷ್ಯಾದ ಲಂಕಾವಿ ಕಡೆಗೆ ಹೋಗಿ ವರ್ಷಗಟ್ಟಲೆ ದೋಣಿಯಲ್ಲೇ ಇರುವ ಇಬ್ಬರಿಗೆ ಯಾವ ಒಲೆ ಆದೀತು? ಮೂರನ್ನೂ ಒಂದೇ ಅಳತೆಯಲ್ಲಿ ಬಳಸಿ ನೋಡಿದ್ದೇವೆ: ಕಾಲು ಕೆ.ಜಿ. ಅಕ್ಕಿ, ಒಂದೂವರೆ ಲೀಟರ್ ನೀರು, ದಪ್ಪ ತಳದ ಸ್ಟೀಲ್ ಪಾತ್ರೆ.

ಗ್ಯಾಸ್ ಒಲೆಯ ದೊಡ್ಡ ಗುಣ ಅದರ ತೂಗುಚೌಕಟ್ಟು. ದೋಣಿ ಇಪ್ಪತ್ತು ಡಿಗ್ರಿ ವಾಲಿದರೂ ಒಲೆ ಸಮತಟ್ಟಾಗಿ ತೂಗುತ್ತಿರುತ್ತದೆ, ಪಾತ್ರೆಯನ್ನು ಕ್ಲಾಂಪ್ ಹಿಡಿದಿರುತ್ತದೆ. ದೊಡ್ಡ ಅಪಾಯ ಸೋರಿಕೆ. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನ ಸಂದಿಯಲ್ಲಾದರೂ ಹೊರಗೆ ಹೋದೀತು. ದೋಣಿಯಲ್ಲಿ ಕೆಳಗಿಳಿದು ಬಿಲ್ಜ್‌ನಲ್ಲಿ, ಅಂದರೆ ನೀರು ಸೇರುವ ದೋಣಿಯ ತಳದಲ್ಲಿ, ಕೂರುತ್ತದೆ, ಅಲ್ಲಿಯ ಪಂಪಿನ ಒಂದು ಕಿಡಿ ಸಾಕು. ಆದ್ದರಿಂದ ಸಿಲಿಂಡರ್ ಇಡುವ ಪೆಟ್ಟಿಗೆ ಕ್ಯಾಬಿನ್ನಿಗೆ ಪೂರ್ತಿ ಮುಚ್ಚಿರಬೇಕು. ಅದರ ತಳದಿಂದ ಕನಿಷ್ಠ ಅರ್ಧ ಇಂಚಿನ ಕೊಳವೆ ನೀರಿನ ಮಟ್ಟಕ್ಕಿಂತ ಮೇಲೆ ಹೊರಗೆ ತೆರೆದುಕೊಳ್ಳಬೇಕು. ಅದು ಮಧ್ಯದಲ್ಲಿ ಜೋಲಿ ಬಿದ್ದು ನೀರು ನಿಂತರೆ ಇದ್ದೂ ಇಲ್ಲದ ಹಾಗೆ.

ಸೋರಿಕೆ ನೋಡುವುದು ಸುಲಭ. ಬರ್ನರ್ ಎಲ್ಲ ಮುಚ್ಚಿ, ಸಿಲಿಂಡರ್ ವಾಲ್ವ್ ತೆರೆದು, ರೆಗ್ಯುಲೇಟರ್‌ಗಿಂತ ಮೊದಲಿರುವ ಒತ್ತಡದ ಗೇಜ್ ಎಷ್ಟು ತೋರಿಸುತ್ತದೆ ಎಂದು ಗುರುತಿಸಿಕೊಂಡು, ಸಿಲಿಂಡರ್ ವಾಲ್ವ್ ಮಾತ್ರ ಮುಚ್ಚಿ. ಮೂರು ನಿಮಿಷ ಮುಳ್ಳು ಅಲುಗಬಾರದು. ಇಳಿದರೆ ಒಂದೊಂದೇ ಜೋಡಣೆಗೆ ಸಾಬೂನು ನೀರು ಹಚ್ಚಿ ಗುಳ್ಳೆ ಹುಡುಕುವುದು. ನಮ್ಮ ಮನೆಗಳ ಕ್ಲಿಕ್ ರೆಗ್ಯುಲೇಟರ್‌ನಲ್ಲಿ ಗೇಜ್ ಕೂರಿಸಲು ಜಾಗವೇ ಇಲ್ಲ, ಅದನ್ನು ಊರಿನಲ್ಲೇ ಬಿಟ್ಟು ಹೋಗಿ. ಭಾರತದ ಸಿಲಿಂಡರ್ ಹೊರದೇಶದಲ್ಲಿ ತುಂಬಿಸಿಕೊಡುವವರೂ ಸಿಗುವುದಿಲ್ಲ. ಹೆಚ್ಚು ದಿನ ನಿಲ್ಲುವ ದೇಶದಲ್ಲಿ ಅಲ್ಲಿಯದೇ ಸಿಲಿಂಡರ್ ಹಿಡಿಯಬೇಕು. ಯುರೋಪಿನಲ್ಲಿ ಕ್ಯಾಂಪಿಂಗಾಜ್ ಕಂಪನಿಯ ನೀಲಿ 907 ಸಿಲಿಂಡರ್, ಅದರಲ್ಲಿರುವುದು ಬರೀ 2.75 ಕೆ.ಜಿ. ಬ್ಯೂಟೇನ್, ಅಮೆರಿಕದಲ್ಲಿ ಎಡಕ್ಕೆ ತಿರುಗಿಸಿ ಬಿಗಿಯುವ, ಪಿಒಎಲ್ ಎಂಬ ಜೋಡಣೆಯ ವಾಲ್ವ್. ಒಲೆ ಕಡೆಯ 30 ಮಿಲಿಬಾರ್ ವ್ಯವಸ್ಥೆಗೆ ಕೈಹಾಕದೆ ಸಿಲಿಂಡರ್ ಕಡೆಯ ಚಿಕ್ಕ ಪೈಪ್ ಮಾತ್ರ ಬದಲಿಸುವಂತೆ ಜೋಡಿಸಿಕೊಂಡರೆ ತಲೆನೋವು ಅರ್ಧ ಕಡಿಮೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಒಂದು ಕೆ.ಜಿ. ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರಿನಷ್ಟು ಆವಿ ಕ್ಯಾಬಿನ್ನಿನೊಳಗೇ ಬಿಡುಗಡೆಯಾಗುತ್ತದೆ. ಮಳೆಗಾಲದಲ್ಲಿ ಹಾಸಿಗೆಗೆ ಬೂಷ್ಟು ಹಿಡಿಯಲು ಅದೂ ಒಂದು ಕಾರಣ.

ಸೀಮೆಎಣ್ಣೆಗೆ ಆ ಸ್ಫೋಟದ ಭಯವಿಲ್ಲ, ಕ್ಯಾನಿನಲ್ಲಿ ಇಟ್ಟುಕೊಳ್ಳಬಹುದು. ಆದರೆ ಪಂಪ್ ಸ್ಟೌವಿಗೆ ತಾಳ್ಮೆ ಬೇಕು. ಬಟ್ಟಲಿಗೆ ಸ್ಪಿರಿಟ್ ಹಾಕಿ ಬರ್ನರ್ ಚೆನ್ನಾಗಿ ಕಾಯಿಸದೆ ವಾಲ್ವ್ ತೆರೆದರೆ ಎಣ್ಣೆ ಆವಿಯಾಗದೆ ದ್ರವವಾಗಿಯೇ ಚಿಮ್ಮಿ ಹಳದಿ ಜ್ವಾಲೆ ಏಳುತ್ತದೆ, ಮೇಲಿನ ಪರದೆಗೆ ಮಸಿ. ವಾಲಿದ ದೋಣಿಯಲ್ಲಿ ಸ್ಪಿರಿಟ್ ಚೆಲ್ಲಿ ಹೊತ್ತಿಕೊಳ್ಳುವುದೇ ನಿಜವಾದ ಅಪಾಯ. ಊರಿನಲ್ಲಿ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ನಿಗೆ ಸಬ್ಸಿಡಿ ಸೀಮೆಎಣ್ಣೆ ಇದೆ ಎಂದು ಅದನ್ನೇ ನಂಬಿಕೊಳ್ಳಬೇಡಿ. ಹೊರಗೆ ಎಷ್ಟೋ ಬಂದರುಗಳಲ್ಲಿ ಶುದ್ಧ ಸೀಮೆಎಣ್ಣೆ ದುಬಾರಿ, ಡೀಸೆಲ್ ಹಾಕಿದರೆ ಜೆಟ್ ಕಟ್ಟಿಕೊಳ್ಳುತ್ತದೆ. ನಮ್ಮ ಮಟ್ಟಿಗೆ ಇದು ಮೂರನೆಯದೇ.

ಇಂಡಕ್ಷನ್‌ನ ಪ್ರಶ್ನೆ ಒಲೆಯದ್ದಲ್ಲ, ಬ್ಯಾಟರಿಯದ್ದು. 12 ವೋಲ್ಟ್ 200 ಆ್ಯಂಪ್-ಅವರ್ ಲಿಥಿಯಂ ಬ್ಯಾಟರಿ ಎಂದರೆ ಸುಮಾರು ಎರಡೂವರೆ ಯುನಿಟ್ (ಒಂದು ಯುನಿಟ್ ಎಂದರೆ 1000 ವಾಟ್-ಅವರ್). ಒಲೆಯನ್ನು 1800 ವಾಟ್‌ನಲ್ಲಿ ಇಟ್ಟರೆ ಬ್ಯಾಟರಿಯಿಂದ 155 ಆ್ಯಂಪ್ ಮೀರಿ ಎಳೆಯುತ್ತದೆ. ಕೇಬಲ್ 70 ಚದರ ಮಿ.ಮೀ. ಇದ್ದರೂ ತುದಿಯ ಲೋಹದ ಲಗ್ ಸರಿಯಾಗಿ ಒತ್ತದಿದ್ದರೆ ಅಲ್ಲೇ ಬಿಸಿ. 1000 ವಾಟ್ ದಾಟಿಸಬೇಡಿ; ಕುದಿ ಬರುವುದು ತಡ, ಉಳಿದದ್ದೆಲ್ಲ ತಣ್ಣಗೆ. ಅಗ್ಗದ ಒಲೆಗಳ ಫ್ಯಾನ್ ಉಪ್ಪು ಗಾಳಿಯನ್ನು ನೇರ ಬೋರ್ಡಿಗೆ ಊದುತ್ತದೆ, ಹಾಗಾಗಿ ಕೆಟ್ಟರೆ ಬದಲಿಗೆ ಹೆಚ್ಚುವರಿ ಒಲೆ ಒಂದು ಇರಲಿ. ಹಿಂಡಾಲಿಯಂ ಪಾತ್ರೆ ನಡೆಯುವುದಿಲ್ಲ. ಕಬ್ಬಿಣದ ಕಾವಲಿಯಲ್ಲಿ ನೀರುದೋಸೆ ನಡುವೆ ಏಳುತ್ತದೆ, ಅಂಚು ಹಸಿ ಉಳಿಯುತ್ತದೆ, ಏಕೆಂದರೆ ಒಳಗಿನ ಕಾಯಿಲ್ ಕಾವಲಿಗಿಂತ ಚಿಕ್ಕದು.

400 ವಾಟ್ ಸೋಲಾರ್‌ಗೆ ಬಿಸಿಲು ಚೆನ್ನಾಗಿದ್ದ ದಿನ ಹೆಚ್ಚುಕಡಿಮೆ 1.6 ಯುನಿಟ್ ಬರುತ್ತದೆ. ಫ್ರಿಜ್‌ಗೆ 0.6 ಹೋಯಿತು. ಸಾಗುತ್ತಿರುವಾಗ ಆಟೋಪೈಲಟ್ ಹಗಲು ರಾತ್ರಿ ಸೇರಿ 0.7ರಷ್ಟು ತಿನ್ನುತ್ತದೆ, ಒಲೆಗೆ ಉಳಿಯುವುದು ಚಿಲ್ಲರೆ. ಲಂಗರು ಹಾಕಿ ನಿಂತಾಗ ಆ ಖರ್ಚಿಲ್ಲ, ದೋಣಿಯೂ ವಾಲುವುದಿಲ್ಲ, ನುಣುಪಾದ ಗಾಜಿನ ಮೇಲೆ ಪಾತ್ರೆ ಜಾರುವುದೂ ಇಲ್ಲ. ನಿಂತಲ್ಲಿ ಇಂಡಕ್ಷನ್, ಸಾಗುವಾಗ ಗ್ಯಾಸ್ ಎಂದು ನಾವು ಹೇಳುವುದು ಇದಕ್ಕೇ. ಜಾಗ, ಹಣ ಎರಡೂ ಒಂದಕ್ಕೇ ಇದ್ದರೆ ಗ್ಯಾಸ್.

ಯಾವ ಒಲೆ ತೆಗೆದುಕೊಂಡರೂ ಮಂಗಳೂರಿನ ಪಾತ್ರೆ ಅಂಗಡಿಯಿಂದ ಥರ್ಮಲ್ ರೈಸ್ ಕುಕ್ಕರ್, ಅಂದರೆ ಕುದಿದ ಪಾತ್ರೆಯನ್ನು ಒಳಗಿಟ್ಟರೆ ಬಿಸಿ ಹಿಡಿದಿಡುವ ಡ್ರಮ್ಮು, ಮಾತ್ರ ಬಿಡಬೇಡಿ. ಅನ್ನವನ್ನು ಪೂರ್ತಿ ಒಲೆಯ ಮೇಲೇ ಬೇಯಿಸಿದರೆ ಇಂಡಕ್ಷನ್‌ನಲ್ಲಿ 350ರಿಂದ 400 ವಾಟ್-ಅವರ್ ಬೇಕು. ಕುದಿ ಬಂದ ಮೇಲೆ ಹತ್ತು ನಿಮಿಷ ಬಿಟ್ಟು ಡ್ರಮ್ಮಿಗಿಳಿಸಿದರೆ 230ರ ಸುಮಾರು. ಪಾತ್ರೆ ಕತ್ತಿನವರೆಗೆ ತುಂಬಿರಬೇಕು, ಅರ್ಧ ಖಾಲಿ ಇದ್ದರೆ ಬಿಸಿ ನಿಲ್ಲದೆ ಕಾಳು ಗಟ್ಟಿ ಉಳಿಯುತ್ತದೆ. ಆದ್ದರಿಂದ ಇಬ್ಬರಿಗೆ ಚಿಕ್ಕ ಅಳತೆಯದೇ ಸರಿ. ಒಂದು ಗಂಟೆ ಬಿಟ್ಟು ಬಗ್ಗಿಸಿ. ತಿಳಿ ಚೆಲ್ಲಬೇಡಿ, ಉಪ್ಪು ಹಾಕಿದರೆ ರಾತ್ರಿ ಪಾಳಿಯವರಿಗೆ ಕುಡಿಯಲಾಯಿತು. ಅನ್ನಕ್ಕೆ ನೀರು ಉಳಿಸಲೆಂದು ಸಮುದ್ರದ ನೀರು ಬೆರೆಸುವ ಉಪಾಯ ಬಟಾಟೆಗೆ ಆದೀತು, ಕುಚ್ಚಲಕ್ಕಿಗಲ್ಲ, ತಿಳಿ ಉಪ್ಪಾಗಿ ಕುಡಿಯಲಾಗುವುದಿಲ್ಲ. ಡ್ರಮ್ಮನ್ನು ಮೆಟ್ಟಿಲ ಬುಡದಲ್ಲಿ ಎರಡು ಕಡೆಯಿಂದ ಹಗ್ಗ ಹಾಕಿ ಬಿಗಿಯಿರಿ; ಅದರ ಮುಚ್ಚಳಕ್ಕೆ ಚಿಲಕವಿರುವುದಿಲ್ಲ, ಮೇಲಿನಿಂದ ಒಂದು ಎಲಾಸ್ಟಿಕ್ ಹಗ್ಗ ಹಾಯಿಸಲೇಬೇಕು.