ಏಜ್ ಆಫ್ ಎಂಪೈರ್ಸ್ 2: ಮಿಕ್ಕ ಮೂರಕ್ಕಿಂತ ಇದೇ ಯಾಕೆ ಮೇಲು?

ಊರು ಕಟ್ಟಿ, ಸೈನ್ಯ ಬೆಳೆಸಿ, ಎದುರಾಳಿಯ ಮೇಲೆ ಯುದ್ಧಕ್ಕೆ ಹೋಗುವ ಈ ಕಂಪ್ಯೂಟರ್ ಗೇಮ್ ಸರಣಿಯ ನಾಲ್ಕೂ ಮುಖ್ಯ ಗೇಮ್‌ಗಳನ್ನು ಆಡಿದ್ದೇನೆ. ಈಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಉಳಿದಿರುವುದು ಎರಡನೆಯದು ಮಾತ್ರ. 1999ರ ಗೇಮ್, ಅದರದ್ದೇ ಹೊಸ ರೂಪವಾಗಿ 2019ರಲ್ಲಿ ಬಂದ ಡೆಫಿನಿಟಿವ್ ಎಡಿಷನ್. ತುಮಕೂರಿನ ಸೈಬರ್ ಸೆಂಟರ್‌ನಲ್ಲಿ ಲ್ಯಾನ್ ಹಾಕಿಕೊಂಡು (ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಿ) ಆಡುತ್ತಿದ್ದ ಕಾಲದಿಂದ ಇದೇ ನನ್ನ ಗೇಮ್.

1997ರ ಮೊದಲ ಗೇಮ್‌ನಲ್ಲಿ ಕೋಟೆ ಗೋಡೆ ಕಟ್ಟಬಹುದಿತ್ತು, ಆದರೆ ಬಾಗಿಲು ಇರಲಿಲ್ಲ! ಸುತ್ತಲೂ ಗೋಡೆ ಎಬ್ಬಿಸಿದರೆ ನಮ್ಮ ಸೈನ್ಯವೇ ಒಳಗೆ ಬಂದಿ. ಎರಡನೆಯದರಲ್ಲಿ ಗೇಟ್ ಬಂತು. ಸುಮ್ನೆ ನಿಂತ ವಿಲೇಜರ್‌ನನ್ನು (ಊರಿನ ಕೆಲಸಗಾರ) ಹುಡುಕಿಕೊಡುವ ಬಟನ್ ಬಂತು. ಶತ್ರು ನುಗ್ಗಿದಾಗ ಗಂಟೆ ಬಾರಿಸಿದರೆ ವಿಲೇಜರ್‌ಗಳು ಊರಿನ ಮುಖ್ಯ ಕಟ್ಟಡವಾದ ಟೌನ್ ಸೆಂಟರ್‌ನಂಥ ಕಡೆ ಒಳಗೆ ಓಡಿ ಅಡಗುತ್ತಾರೆ.

ಕಿರಿಕಿರಿ ತೆಗೆದರು, ಕೆಲಸ ತೆಗೆಯಲಿಲ್ಲ. ನನ್ನ ಪ್ರಕಾರ ಇದು ಗೆದ್ದಿದ್ದೇ ಇಲ್ಲಿ. ಕಾಡುಹಂದಿಯನ್ನೇ ನೋಡಿ. ಒಬ್ಬ ವಿಲೇಜರ್ ಹೋಗಿ ಬಾಣ ಬಿಡಬೇಕು. ಹಂದಿ ಅಟ್ಟಿಸಿಕೊಂಡು ಬರುತ್ತದೆ. ಅದನ್ನು ಟೌನ್ ಸೆಂಟರ್ ತನಕ ಎಳೆದು ತಂದು ಉಳಿದವರ ಕೈಯಲ್ಲಿ ಹೊಡೆಸಬೇಕು. ಸರಿಯಾಗಿ ಆದರೆ 340 ಆಹಾರ. ನಡುವೆ ಫೋನ್ ನೋಡಿದಿರೋ, ವಿಲೇಜರ್ ಕಥೆ ಮುಗೀತು. ಮರ ಕಡಿದರೂ ಹೊತ್ತು ತಂದು ಹಾಕಬೇಕು, ಹಾಗಾಗಿ ಮರ ತಂದು ಹಾಕುವ ಲಂಬರ್ ಕ್ಯಾಂಪ್ ಎಲ್ಲಿ ಕಟ್ಟುತ್ತೀರಿ ಅನ್ನುವುದರ ಮೇಲೆ ಆಟವೇ ನಿಂತಿದೆ. 2005ರ ಮೂರನೆಯದರಲ್ಲಿ ಈ ಹೊರುವ ಕೆಲಸವನ್ನೇ ಕಿತ್ತು ಹಾಕಿದರು, ಕೂಡಿಡುವ ಸಾಮಗ್ರಿಗಳಲ್ಲಿ ಕಲ್ಲನ್ನೂ ಬಿಟ್ಟರು. ನೋಡಲು ಚೆಂದ, ಆದರೆ ಕೈಗೆ ಕೆಲಸ ಸಾಲದು. 2021ರ ನಾಲ್ಕನೆಯದು ಪರವಾಗಿಲ್ಲ, ಅಷ್ಟೇ.

2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನುವ ಹೆಚ್ಚುವರಿ ಪ್ಯಾಕ್ ಬಂದು, ನಾವು ಆರಿಸಿಕೊಂಡು ಆಡುವ ಜನಾಂಗಗಳ ಪಟ್ಟಿಗೆ ದ್ರಾವಿಡರು ಸೇರಿಕೊಂಡರು. ಶಿರಾದ ನನ್ನ ಅಕ್ಕನ ಮಗ ಬೇರೆ ಯಾರನ್ನೂ ಮುಟ್ಟುವುದಿಲ್ಲ. "ಮಾವ, ನಮ್ಮೋರು ಅಲ್ವಾ!" ಈ ದ್ರಾವಿಡರಿಗೆ ಕವಚ ತೊಟ್ಟ 'ನೈಟ್' ಕುದುರೆ ಪಡೆ ಇಲ್ಲ, ಬಯಲಿನಲ್ಲಿ ಪಾಪ ಒದೆ ತಿನ್ನುತ್ತಾರೆ. ಆದರೆ ಉರುಮಿ (ಬಳುಕುವ ಕತ್ತಿ) ಬೀಸುವ ಕಾಲಾಳುಗಳಿದ್ದಾರೆ. ವೂಟ್ಜ್ ಸ್ಟೀಲ್ ಅನ್ನುವ ಸುಧಾರಣೆ ಮಾಡಿಕೊಂಡರೆ ಎದುರಾಳಿಯ ಕವಚ ಲೆಕ್ಕಕ್ಕೇ ಇಲ್ಲ. ಅಲ್ಲಿಯವರೆಗೆ ಬದುಕಿರಬೇಕು, ಅದೇ ಕಷ್ಟ.

ಬೇಜಾರಿನ ವಿಷಯಗಳೂ ಇವೆ. ಹೊಸ ಪ್ಯಾಕ್ ಬಂದಾಗಲೆಲ್ಲ ಮತ್ತೆ ದುಡ್ಡು. ಸೈನ್ಯ ಇಕ್ಕಟ್ಟಿನ ಜಾಗದಲ್ಲಿ ಒಬ್ಬರಿಗೊಬ್ಬರು ಅಡ್ಡ ನಿಂತು ಪರದಾಡುತ್ತದೆ. ದೊಡ್ಡ ಯುದ್ಧದಲ್ಲಿ ನನ್ನ ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ.

ಹೊಸಬರು ಮೊದಲು ಗೇಮ್‌ನಲ್ಲೇ ಇರುವ ಆರ್ಟ್ ಆಫ್ ವಾರ್ ಪಾಠಗಳನ್ನು ಆಡಿ, ಮೆಡಲ್ ಬರುವ ತನಕ ಬಿಡಬೇಡಿ. ನೇರವಾಗಿ ಆನ್‌ಲೈನ್‌ಗೆ ಇಳಿದರೆ ಜೊತೆಗಾರರಿಂದ ಬೈಸಿಕೊಳ್ಳುವುದು ಗ್ಯಾರಂಟಿ.