ಕೊಡಗಿನ ಮಳೆಗಾಲಕ್ಕೆ ಡ್ರಾಯರ್ ಪೆಟ್ಟಿಗೆ ಸಾಕಾ?

ಸ್ಕ್ರೂ, ಮೊಳೆ ತುಂಬಿಡುವ ಪಾರದರ್ಶಕ ಪ್ಲಾಸ್ಟಿಕ್ ಡ್ರಾಯರ್ ಪೆಟ್ಟಿಗೆ ಬಯಲುಸೀಮೆಗೆ ಚೆನ್ನ. ಮಡಿಕೇರಿಯಲ್ಲಿ ಅರ್ಧ ಕೆಲಸಕ್ಕಷ್ಟೇ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಡ್ರಾಯರಿನ ಸಂದಿಯಲ್ಲಿ ತೇವ ಸಲೀಸಾಗಿ ಒಳಗೆ ಬರುತ್ತದೆ. ಲೇಪವಿಲ್ಲದ ಮೊಳೆ, ಜಿಪ್ಸಂ ಹಲಗೆಗೆ ಹಾಕುವ ಕಪ್ಪು ಡ್ರೈವಾಲ್ ಸ್ಕ್ರೂ ಬೇಗ ಕೆಂಪಗಾಗುತ್ತವೆ. ಸತು ಲೇಪದವಕ್ಕೆ ಮೊದಲು ಬಿಳಿ ಪುಡಿ ಕಟ್ಟುತ್ತದೆ. ಸ್ಟೇನ್‌ಲೆಸ್, ಹಿತ್ತಾಳೆ, ಗೋಡೆಯ ತೂತಿಗೆ ಹಾಕುವ ಪ್ಲಾಸ್ಟಿಕ್ ವಾಲ್ ಪ್ಲಗ್ ಮಾತ್ರ ಇದರಲ್ಲಿಡಿ.

ಉಳಿದವಕ್ಕೆ ಮುಚ್ಚಳದಲ್ಲಿ ರಬ್ಬರ್ ರಿಂಗ್ ಇರುವ ಡಬ್ಬಿಯೇ ಬೇಕು. ಕೊಳ್ಳುವಾಗ ಮುಚ್ಚಳದಂಚಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿ. ಜಾರಿ ಬಂದರೆ ಬೇಡ. ಒಳಗೊಂದು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಕಿತ್ತಳೆ ಹರಳು ಹಸಿರಾದರೆ ತಟ್ಟೆಗೆ ಸುರಿದು, ಓವನ್‌ನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿ, ಮತ್ತೆ ಬಳಸಬಹುದು. ಅಂಗಡಿಯ ರಟ್ಟಿನ ಪೆಟ್ಟಿಗೆ ಸಮೇತ ಇಡಲೇಬೇಡಿ, ರಟ್ಟು ನೀರು ಹೀರಿ ಕೂತಿರುತ್ತದೆ.

ಅಗ್ಗದ ಡ್ರಾಯರಿಗೆ ಪೂರ್ತಿ ಹೊರಬರದಂತೆ ತಡೆಯೇ ಇಲ್ಲ. ಜೋರಾಗಿ ಎಳೆದರೆ ವಾಷರ್‌ಗಳೆಲ್ಲ ಮಂಚದಡಿ! ಮುಕ್ಕಾಲಿಗಿಂತ ಹೆಚ್ಚು ತುಂಬಿದರೆ ತಳ ಬಾಗಿ ಸಿಕ್ಕಿಕೊಳ್ಳುತ್ತದೆ. ಕಾಗದದ ಲೇಬಲ್ ತೇವಕ್ಕೆ ಕಿತ್ತುಬರುತ್ತದೆ. ಅದರ ಬದಲು ಒಳಗಿರುವ ಅಳತೆಯದೇ ಒಂದು ಸ್ಕ್ರೂವನ್ನು ಮುಂಭಾಗಕ್ಕೆ ಅಂಟಿಸಿಬಿಡಿ.